ಸಾಲ ಕೇಳುವವರ ದನಿ ಪಕ್ಕದವರಿಗೆ ಕೇಳಬಾರದು

ಕಳೆದ ವರ್ಷ ಜೂನ್‌ನಲ್ಲಿ ಗದಗ ಕಡೆಯ ಒಂದು ಪತ್ತಿನ ಸಹಕಾರಿ ಸಂಘದವರು ಹುಬ್ಬಳ್ಳಿಯ ನನ್ನ ಒಳಾಂಗಣ ವಿನ್ಯಾಸದ ಆಫೀಸಿಗೆ ಬಂದಿದ್ದರು. ಅಧ್ಯಕ್ಷರು, ಕಾರ್ಯದರ್ಶಿ, ಇಬ್ಬರು ನಿರ್ದೇಶಕರು. ಹಳೆಯ ಬಾಡಿಗೆ ಕಟ್ಟಡ ಬಿಟ್ಟು ಹೊಸ ಕಾಂಪ್ಲೆಕ್ಸ್‌ನಲ್ಲಿ 1,200 ಚದರ ಅಡಿ ಜಾಗ ತೆಗೆದುಕೊಂಡಿದ್ದರು. ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ ಇರುತ್ತದಲ್ವಾ, ಆ ವಾರದಲ್ಲೇ ಉದ್ಘಾಟನೆ ಆಗಬೇಕು ಅಂದರು. ಚಹಾ ಬರುವ ಮೊದಲೇ ಅಧ್ಯಕ್ಷರು ಮೊಬೈಲ್ ತೆಗೆದು ಮುಂದೆ ಹಿಡಿದರು.

"ಮೇಡಂ, ನಮ್ಮ ಬ್ರ್ಯಾಂಚೂ ಹಿಂಗ ಕಾಣಬೇಕ್ರಿ."

ಒಂದರ ಹಿಂದೆ ಒಂದು ಫೋಟೋ. ಕನ್ನಡಿಯಂತೆ ಹೊಳೆಯುವ ದೊಡ್ಡ ಟೈಲ್ಸ್. ಸುತ್ತ ಗಾಜಿನ ಕ್ಯಾಬಿನ್‌ಗಳು. ಗೋಡೆಗೆ ಉದ್ದುದ್ದ ಗೀರಿನ ಫ್ಲೂಟೆಡ್ ಪ್ಯಾನೆಲ್, ಅದರ ನಡುವೆ ಉದ್ದಕ್ಕೆ ಪ್ರೊಫೈಲ್ ಲೈಟ್. ಪ್ಲಾಸ್ಟಿಕ್ ಹುಲ್ಲಿನ ಹಸಿರು ಗೋಡೆ, ಅದರ ಮೇಲೆ ಬೆಳಕಿನಲ್ಲಿ ಬರೆದ ಹೆಸರು. ಸೋಫಾ, ಕಾಫಿ ಮಷೀನ್. ಒಂದು ಫೋಟೋ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನವರು ನಡೆಸುವ ಕೆಫೆಯದ್ದು. ಅಲ್ಲಿ ಕಾಫಿ ಕುಡಿಯುತ್ತಲೇ ಬ್ಯಾಂಕಿನವರ ಜೊತೆ ಮಾತಾಡಬಹುದು. ಎಲ್ಲವೂ ಚೆಂದವೇ. ನಾನೂ ಹತ್ತು ನಿಮಿಷ ಮನಸಾರೆ ನೋಡಿದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ.

"ಈಗ ನಿಮ್ಮಲ್ಲಿ ಸಾಲ ಕೇಳೋಕೆ ಬಂದವರು ಎಲ್ಲಿ ಕೂತು ಮಾತಾಡ್ತಾರೆ?"

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದರು. "ಕೂಡೋದೇನ್ರಿ ಮೇಡಂ, ಕೌಂಟರ್ ಮುಂದ ನಿಂತು ಮಾತಾಡ್ತಾರ" ಅಂದರು.

ನಾನು ಈ ಪ್ರಶ್ನೆಯನ್ನು ಯಾಕೆ ಕೇಳುತ್ತೇನೆ ಎಂದು ಹೇಳಬೇಕು. ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಮನೆಯಲ್ಲಿ ಎರಡು ಕೈಮಗ್ಗ ಇದ್ದವು. ಅಪ್ಪ ನೂಲಿಗೆಂದು ಒಂದು ಸೊಸೈಟಿಯಲ್ಲಿ ಸಾಲ ತೆಗೆದಿದ್ದ. ಒಂದು ಮಳೆಗಾಲ ಸೀರೆ ಹೋಗಲಿಲ್ಲ, ಮೂರು ಕಂತು ನಿಂತವು. ಆಗ ನಾನು ಐದನೇ ಕ್ಲಾಸು. ಅಪ್ಪನ ಜೊತೆ ಹೋಗಿದ್ದೆ. ಕಬ್ಬಿಣದ ಜಾಳಿಗೆಯ ಹಿಂದೆ ಕೂತಿದ್ದ ಗುಮಾಸ್ತರು ಪಾಸ್‌ಬುಕ್ ತಿರುವಿ ನೋಡಿ, "ಮೂರು ಕಂತು ಸುಸ್ತಿ ಐತಿ. ಯಾವಾಗ ಕಟ್ಟತೀ?" ಎಂದು ಕೂಗಿದರು. ಬೈಯಬೇಕು ಅಂತ ಕೂಗಿದ್ದಲ್ಲ. ಒಳಗೆ ಫ್ಯಾನ್ ಸದ್ದು, ಹೊರಗೆ ಜನರ ಸದ್ದು, ನಡುವೆ ಜಾಳಿಗೆ. ಮೆಲ್ಲಗೆ ಹೇಳಿದ್ದರೆ ಅಪ್ಪನಿಗೆ ಕೇಳುತ್ತಲೇ ಇರಲಿಲ್ಲ. ಆದರೆ ಹಿಂದಿನ ಬೆಂಚಿನ ಮೇಲೆ ನಮ್ಮ ಓಣಿಯ ನಾಲ್ಕು ಜನ ಇದ್ದರು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಮಡಚಿದ, ಮತ್ತೆ ಹೆಗಲಿಗೆ ಹಾಕಿದ, ಮತ್ತೆ ತೆಗೆದ.

ಅಂದಿನಿಂದ ಕಂತು ಕಟ್ಟಲು ಅಪ್ಪ ಹೋಗಲಿಲ್ಲ. ನನ್ನನ್ನು ಕಳಿಸುತ್ತಿದ್ದ. ಕೌಂಟರ್ ನನ್ನ ಹಣೆಯ ಎತ್ತರಕ್ಕೆ ಬರುತ್ತಿತ್ತು. ಕಾಲ್ಬೆರಳ ಮೇಲೆ ನಿಂತು ದುಡ್ಡು, ಪಾಸ್‌ಬುಕ್ ಎರಡನ್ನೂ ಜಾಳಿಗೆಯ ಕಿಂಡಿಯಿಂದ ಒಳಗೆ ತಳ್ಳುತ್ತಿದ್ದೆ.

ಹಳೆಯ ಶಾಖೆಗಳನ್ನು ಕಟ್ಟಿದವರು ಕೆಟ್ಟವರೇನಲ್ಲ. ಆಗ ಶಾಖೆಯ ಕೆಲಸವೇ ಬೇರೆ. ನಗದು ಕಾಯಬೇಕು, ಲೆಡ್ಜರ್ ಕಾಯಬೇಕು. ಅದಕ್ಕೇ ಜಾಳಿಗೆ. ನಿಂತು ಬರೆಯಲು ಅನುಕೂಲವಾಗಲಿ ಅಂತ ಸುಮಾರು 42 ಇಂಚಿನ ಕೌಂಟರ್. ಚೆಕ್ ಕೊಟ್ಟರೆ ಕೈಗೆ ಒಂದು ಹಿತ್ತಾಳೆ ಬಿಲ್ಲೆ, ಅದರ ನಂಬರ್ ಕೂಗುವವರೆಗೆ ಬೆಂಚು. ನೆಲಕ್ಕೆ ನಮ್ಮ ಕಡೆ ಶಹಾಬಾದ್ ಫರಸಿ, ಬೇಸಿಗೆಯಲ್ಲೂ ತಣ್ಣಗೆ. ಮ್ಯಾನೇಜರ್ ಕೋಣೆಗೆ ಮಾತ್ರ ಅರ್ಧ ಬಾಗಿಲು, ಗೋಡೆ ಇಟ್ಟಿಗೆಯದ್ದು. ಒಳಗೆ ಆಡಿದ ಮಾತು ಅಲ್ಲೇ ಉಳಿಯುತ್ತಿತ್ತು. ಆದರೆ ಆ ಬಾಗಿಲು ದಾಟಿ ಒಳಗೆ ಹೋಗುತ್ತಿದ್ದವರು ದೊಡ್ಡ ಠೇವಣಿದಾರರು. ನನ್ನ ಅಪ್ಪನಂಥವರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಲೆಡ್ಜರ್ ಹೋಯಿತು. ಎಟಿಎಂ ಬಂದ ಮೇಲೆ ನಗದಿನ ಸಾಲು ಕರಗಿತು. 1994ರ ನಂತರ ಬಂದ ಹೊಸ ಖಾಸಗಿ ಬ್ಯಾಂಕುಗಳು ಎಸಿ ಹಾಲ್, ತಗ್ಗು ಮೇಜು, ಎದುರುಬದುರು ಕುರ್ಚಿ ತಂದವು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಬ್ಯಾಂಕಿನಲ್ಲಿ ಕೂತು ಮಾತಾಡಬಹುದು ಎಂದು ತುಂಬಾ ಜನರಿಗೆ ಗೊತ್ತಾಗಿದ್ದೇ ಆಗ. 2016ರಲ್ಲಿ ಯುಪಿಐ ಬಂತು, ನೂರಿನ್ನೂರು ರೂಪಾಯಿಗೆ ಶಾಖೆಗೆ ಬರುವುದೂ ನಿಂತಿತು. 2022ರ ಅಕ್ಟೋಬರ್‌ನಲ್ಲಿ 75 ಜಿಲ್ಲೆಗಳಲ್ಲಿ 75 ಡಿಜಿಟಲ್ ಬ್ಯಾಂಕಿಂಗ್ ಘಟಕಗಳು ಶುರುವಾದವು. ಖಾತೆ ತೆರೆಯುವುದು, ಪಾಸ್‌ಬುಕ್ ಪ್ರಿಂಟ್, ಎಲ್ಲವೂ ಮಷೀನಿನಲ್ಲಿ.

ಹಾಗಾದರೆ ಇವತ್ತು ಶಾಖೆಯವರೆಗೆ ನಡೆದು ಬರುವವರು ಯಾರು? ಮೊಬೈಲ್‌ನಲ್ಲಿ ಮುಗಿಯದ ಕೆಲಸ ಇರುವವರು. ಸಾಲ ಬೇಕಾದವರು, ಕಂತು ತಪ್ಪಿದವರು, ಬಂಗಾರ ಅಡವಿಡುವವರು. ಗಂಡ ತೀರಿಕೊಂಡ ಮೇಲೆ ಖಾತೆ ಹೆಸರಿಗೆ ಮಾಡಿಸಿಕೊಳ್ಳಲು ಬರುವ ಹೆಣ್ಣುಮಕ್ಕಳು. ಜಾಮೀನು ಹಾಕಿ ಸಿಕ್ಕಿಬಿದ್ದವರು. ಇವರೆಲ್ಲರ ಮಾತೂ ನಾಲ್ಕು ಜನರ ಮುಂದೆ ಆಡುವ ಮಾತಲ್ಲ. ಶಾಖೆ ಹೊಳೆಯುತ್ತಾ ಹೋದ ಹಾಗೆ, ಇಂಥ ಮಾತಿಗೆ ಅಲ್ಲಿ ಜಾಗವೇ ಇಲ್ಲದಂತಾಯಿತು. ಈಗಿನ ಟ್ರೆಂಡ್ ಬಗ್ಗೆ ನನಗೆ ಇರುವ ದೊಡ್ಡ ತಕರಾರು ಇದು.

ಈ ತಪ್ಪನ್ನು ನಾನೂ ಮಾಡಿದ್ದೇನೆ. 2017ರಲ್ಲಿ ಒಂದು ಸೌಹಾರ್ದ ಸಹಕಾರಿಗೆ ಶಾಖೆ ಮಾಡಿಕೊಟ್ಟೆ. ಬಿಳಿ ವಿಟ್ರಿಫೈಡ್ ಟೈಲ್ಸ್, ಮೇಲೆ ಪ್ಲೇನ್ ಜಿಪ್ಸಮ್ ಸೀಲಿಂಗ್, ಮ್ಯಾನೇಜರ್‌ಗೆ ಗಾಜಿನ ಕ್ಯಾಬಿನ್. ಗಾಜು ಏಳು ಅಡಿಗೆ ನಿಂತಿತ್ತು, ಅದರ ಮೇಲೆ ಖಾಲಿ. ಉದ್ಘಾಟನೆ ದಿನ ಎಲ್ಲರೂ ಹೊಗಳಿದರು. ಮೂರು ತಿಂಗಳ ಮೇಲೆ ಹೋಗಿ ಕೂತಾಗ ಗೊತ್ತಾಯಿತು. ಕ್ಯಾಬಿನ್ ಒಳಗೆ ಒಬ್ಬಳು ತಾಯಿ ಮಗಳ ಮದುವೆ ಸಾಲಕ್ಕೆ ಕೇಳುತ್ತಿದ್ದಳು. ಟಿವಿ ಸದ್ದು, ನೋಟು ಎಣಿಸುವ ಮಷೀನಿನ ಸದ್ದು, ಎರಡೂ ನೆಲಕ್ಕೂ ಗಾಜಿಗೂ ಬಡಿದು ವಾಪಸ್ ಬರುತ್ತಿದ್ದವು. ಮ್ಯಾನೇಜರ್ ಎರಡು ಸಲ, "ಸ್ವಲ್ಪ ಜೋರಾಗಿ ಹೇಳ್ರಿ" ಅಂದರು. ಅವಳು ಜೋರಾಗಿ ಹೇಳಿದಳು. ಇಡೀ ಹಾಲ್‌ಗೆ ಕೇಳಿಸಿತು. ಗಾಜಿನಾಚೆ ಕೂತ ಎಲ್ಲರಿಗೂ ಅವಳ ಮುಖವೂ ಕಾಣುತ್ತಿತ್ತು. ನನ್ನ ಅಪ್ಪನ ಟವೆಲ್ ನೆನಪಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅವತ್ತಿನಿಂದ ಒಂದು ವಿಷಯ ಗಮನಿಸುತ್ತಿದ್ದೇನೆ. ಶಾಖೆಯ ಕೆಲಸದ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಕ್ಯಾಮೆರಾ ಎಷ್ಟು, ಯಾವ ಮೂಲೆಗೆ ಎಂದು ಬರೆದಿರುತ್ತದೆ. ಬರೆದಿರಲೇಬೇಕು. ಲಾಕರ್ ಇರುವ ಬ್ಯಾಂಕುಗಳು ಆ ಕೋಣೆಗೆ ಬಂದು ಹೋಗುವವರ ಸಿಸಿಟಿವಿ ದೃಶ್ಯವನ್ನು ಕನಿಷ್ಠ 180 ದಿನ ಇಟ್ಟುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಕಣ್ಣಿಗೆ ಏನು ಕಾಣಬೇಕು ಎಂಬ ಲೆಕ್ಕ ಅಷ್ಟು ಪಕ್ಕಾ. ಒಂದು ಮೇಜಿನ ಮಾತು ಎಷ್ಟು ಅಡಿ ದೂರ ಕೇಳಬಹುದು ಎಂಬ ಒಂದು ಸಾಲು ಮಾತ್ರ ನನಗೆ ಬಂದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಈಗ ನಾನೇ ಆ ಸಾಲು ಸೇರಿಸುತ್ತೇನೆ.

ಗದಗದ ಕೆಲಸಕ್ಕೆ ಮತ್ತೆ ಬರುತ್ತೇನೆ. ನಕ್ಷೆ ಹಾಕುವ ಮೊದಲು ಒಂದು ಮಧ್ಯಾಹ್ನ ಕಣಗಿನಹಾಳಕ್ಕೆ ಹೋಗಿ ಬಂದೆ. ಗದಗ ತಾಲೂಕಿನದ್ದೇ ಊರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು, ಮರುವರ್ಷ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ನಮ್ಮ ಕಡೆ ಎಲ್ಲರೂ ಹೆಮ್ಮೆಯಿಂದ ಹೇಳುವುದು ಇದನ್ನೇ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಸಹಕಾರಿ ಸಂಘದಲ್ಲಿ ಸಾಲ ತೆಗೆದುಕೊಳ್ಳುವವರು ಶೇರು ಹಾಕಿದ ಸದಸ್ಯರು. ಅಂದರೆ ಅವರೇ ಮಾಲೀಕರು. ಮಾಲೀಕರು ನಿಂತಿರುತ್ತಾರೆ, ಸಂಬಳಕ್ಕೆ ಇರುವವರು ಕೂತಿರುತ್ತಾರೆ. ಇದು ಹೇಗೆ ಸರಿ?

ಹಾಗಾಗಿ ನಕ್ಷೆಯಲ್ಲಿ ಮೊದಲು ಗುರುತು ಹಾಕಿದ್ದು ಸಾಲದ ಮೇಜುಗಳನ್ನು. ಜಾಗ 24 ಅಡಿ ಅಗಲ, 50 ಅಡಿ ಉದ್ದ. ಸಾಮಾನ್ಯವಾಗಿ ಸಾಲದ ಮೇಜು ಬಾಗಿಲ ಹತ್ತಿರ ಇರುತ್ತದೆ, ಹೊಸ ಗಿರಾಕಿ ಕಾಣಲಿ ಅಂತ. ನಾನು ಮೂರೂ ಮೇಜನ್ನು ಒಳಗಿನ ತುದಿಗೆ ಒಯ್ದೆ. ಮೇಜಿನ ಎತ್ತರ 30 ಇಂಚು. ಎರಡೂ ಕಡೆ ಒಂದೇ ತರಹದ ಕುರ್ಚಿ. ಇದಕ್ಕೆ ಸ್ವಲ್ಪ ಜಗಳ ಆಯಿತು. ಸಿಬ್ಬಂದಿಗೆ ಬೆನ್ನೆತ್ತರದ ತಿರುಗುವ ಕುರ್ಚಿ, ಎದುರಿನವರಿಗೆ ತಗ್ಗಿನ ಸ್ಟೀಲ್ ಕುರ್ಚಿ, ಇದೇ ರೂಢಿ. ಹಾಗೆ ಕೂತರೆ ಕೇಳುವವರು ತಲೆ ಎತ್ತಿ ಮಾತಾಡಬೇಕು. ಕೊನೆಗೆ ಸಿಬ್ಬಂದಿಯ ಕುರ್ಚಿಯನ್ನೇ ಎರಡೂ ಕಡೆ ಹಾಕಿಸಿದೆ. ಮೇಜುಗಳ ನಡುವೆ ನಾಲ್ಕೂವರೆ ಅಡಿಯ ತಡಿಕೆ, ಸಾಫ್ಟ್‌ಬೋರ್ಡಿಗೆ ಕಾಟನ್ ಬಟ್ಟೆ ಹೊದಿಸಿದ್ದು. ಕೂತಾಗ ಪಕ್ಕದವರು ಕಾಣುವುದಿಲ್ಲ, ನಿಂತರೆ ಇಡೀ ಹಾಲ್ ಕಾಣುತ್ತದೆ.

ಸೀಲಿಂಗ್‌ಗೆ ಮಿನರಲ್ ಫೈಬರ್ ಗ್ರಿಡ್. ನಮ್ಮ ಕೆಲಸಗಾರರು ಯಾವ ಕಂಪನಿಯದ್ದಿದ್ದರೂ ಅದನ್ನು ಆರ್ಮ್‌ಸ್ಟ್ರಾಂಗ್ ಅಂತಲೇ ಕರೆಯುತ್ತಾರೆ. ಎರಡಡಿ ಚೌಕದ ಹಗುರ ಹಲಗೆಗಳು, ಸದ್ದು ಹೀರುತ್ತವೆ. ಅಧ್ಯಕ್ಷರಿಗೆ ಅದು ಸರ್ಕಾರಿ ಆಫೀಸಿನಂತೆ ಕಂಡಿತು. ಅವರಿಗೆ ಕೋವ್ ಲೈಟ್, ಅಂದರೆ ಅಂಚಿನಲ್ಲಿ ಅಡಗಿಸಿದ ಬೆಳಕು ಇರುವ ಜಿಪ್ಸಮ್ ಬೇಕಿತ್ತು. ಬಾಗಿಲ ಬಳಿ ಹತ್ತಡಿ ಮಾತ್ರ ಜಿಪ್ಸಮ್ ಮಾಡಿ ಕೋವ್ ಲೈಟ್ ಕೊಟ್ಟೆ. ಕಾಯುವ ಜಾಗದಿಂದ ಒಳಗೆಲ್ಲ ಗ್ರಿಡ್. ನೆಲಕ್ಕೆ ಹೊಳಪು ಬೇಡ, ಜಾರುತ್ತದೆ, ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಶಹಾಬಾದ್ ಕಲ್ಲನ್ನೇ ಹಾಕಿಸಿದೆ. ಕಲ್ಲೇನೂ ಸದ್ದು ಹೀರುವುದಿಲ್ಲ. ಆ ಕೆಲಸ ಗೋಡೆ ಮಾಡಬೇಕು.

ಗೋಡೆಗೆ ಬಂದಿದ್ದು ಕೌದಿ.

ನಮ್ಮ ಕಡೆಯವರಿಗೆ ಕೌದಿ ಏನೆಂದು ಹೇಳಬೇಕಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರ ಇಟ್ಟು ಕೈಯಲ್ಲಿ ಒತ್ತೊತ್ತಾಗಿ ಹೊಲಿದದ್ದು. ದಪ್ಪ ಬಟ್ಟೆಯನ್ನು ಗೋಡೆಯಿಂದ ಸ್ವಲ್ಪ ದೂರ ಇಟ್ಟರೆ ಅದು ಮಾತಿನ ಸದ್ದನ್ನು ಚೆನ್ನಾಗಿ ಹೀರುತ್ತದೆ. ಸಿನಿಮಾ ಹಾಲ್ ಗೋಡೆಗೆ ಬಟ್ಟೆ ಹೊದಿಸುವುದು ಇದಕ್ಕೇ. ಸಂಘದ ಮಹಿಳಾ ಸದಸ್ಯರಲ್ಲೇ ಹೊಲಿಯುವವರು ಇದ್ದರು. ಸದಸ್ಯರ ಮನೆಗಳಿಂದ ಹಳೆಯ ಇಳಕಲ್ ಸೀರೆ ಕೇಳಿ ತಂದೆವು. ಆರಡಿ ಉದ್ದ, ನಾಲ್ಕಡಿ ಎತ್ತರದ ಆರು ಕೌದಿ. ಪ್ರತಿಯೊಂದಕ್ಕೂ ಮರದ ಚೌಕಟ್ಟು, ಗೋಡೆಗೂ ಬಟ್ಟೆಗೂ ನಡುವೆ ಎರಡು ಇಂಚು, ಆ ಸಂದಿಯಲ್ಲಿ ಸದ್ದು ಹೀರುವ ಕಲ್ಲಿನ ನಾರು, ರಾಕ್‌ವೂಲ್. ವೈರಿಂಗ್ ಹಾದುಹೋಗುವ ಗೋಡೆ ಬಿಟ್ಟು ಉಳಿದ ಕಡೆ ತೂಗುಹಾಕಿದೆವು. ವರ್ಷಕ್ಕೆ ಎರಡು ಸಲ ಕೊಕ್ಕೆಯಿಂದ ಬಿಚ್ಚಿ ಒಗೆಯಬಹುದು.

ಇದನ್ನು ಮೊದಲು ಹೇಳಿದಾಗ ಹಿರಿಯ ನಿರ್ದೇಶಕರೊಬ್ಬರು ಒಪ್ಪಲಿಲ್ಲ. "ಬ್ಯಾಂಕಿನ್ಯಾಗ ಕೌದಿ ಏನ್ರೀ ಮೇಡಂ? ಕೌದಿ ಮನ್ಯಾಗ ಹೊಚ್ಗೊಳ್ಳೋದು." ಅವರ ಮಾತಿನಲ್ಲಿ ನೋವೂ ಇತ್ತು. ಬಡವರ ಸಂಘ ಅಂತ ಕಾಣಬಾರದು ಎಂಬ ಆಸೆ ಅದು. ನಾನು ವಾದ ಮಾಡಲಿಲ್ಲ. ಕೆಲಸ ಅರ್ಧ ಆದಾಗ ಅವರನ್ನು ಕರೆದೆ. ಎರಡನೇ ಮೇಜಿನಲ್ಲಿ ಕೂರಿಸಿ, ಕಾರ್ಯದರ್ಶಿಗೆ ಮೆಲ್ಲಗೆ ಏನಾದರೂ ಹೇಳಿ ಅಂದೆ. ಹನ್ನೆರಡು ಅಡಿ ದೂರದಲ್ಲಿ ನಿಂತ ನನಗೆ ಎಲ್ಲವೂ ಕೇಳಿಸಿತು, ವಾಪಸ್ ಹೇಳಿದೆ. ಆಮೇಲೆ ಕೌದಿ, ತಡಿಕೆ ಹಾಕಿ ಮತ್ತೆ ಹಾಗೇ ಮಾಡಿಸಿದೆ. ಅವರ ದನಿ ಬಂತು, ಮಾತು ಬರಲಿಲ್ಲ. "ಏನಂದ್ರಿ?" ಎಂದು ನಾನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕ್ರಿ" ಅಂದರು. ಫ್ಲೂಟೆಡ್ ಪ್ಯಾನೆಲ್‌ಗೆ ಇಟ್ಟಿದ್ದ ದುಡ್ಡಿನಲ್ಲೇ ಕೌದಿಗಳ ಕೂಲಿ, ಮರ, ರಾಕ್‌ವೂಲ್ ಎಲ್ಲ ಮುಗಿಯಿತು.

ಬಂಗಾರ ಸಾಲದ ಜಾಗ ಇನ್ನೂ ಕಷ್ಟದ್ದು. ಹಳೆಯ ಶಾಖೆಯಲ್ಲಿ ನಾನು ನೋಡಿದ್ದೆ. ಸರಾಫರು ಕೌಂಟರಿನ ತುದಿಯಲ್ಲಿ ತಕ್ಕಡಿ, ಒರೆಗಲ್ಲು ಇಟ್ಟುಕೊಂಡು ಕೂತಿರುತ್ತಿದ್ದರು. ಹೆಣ್ಣುಮಕ್ಕಳು ಎಲ್ಲರ ಮುಂದೆ ನಿಂತೇ ಪಾಟ್ಲಿ ಬಿಚ್ಚುತ್ತಿದ್ದರು, ಕೊರಳಿನ ಬೋರಮಾಳ ತೆಗೆಯುತ್ತಿದ್ದರು. ಪಾಟ್ಲಿ ಬಿಗಿಯಾಗಿದ್ದರೆ ಕೈ ಕೆಂಪಾಗುವವರೆಗೆ ಎಳೆಯಬೇಕು. ಅದನ್ನು ಎಲ್ಲರೂ ನೋಡುತ್ತಿರುತ್ತಾರೆ. ಇದಕ್ಕೆ ಪೂರ್ತಿ ಮುಚ್ಚಿದ ಕೋಣೆ ಕೊಡುವಂತೆಯೂ ಇಲ್ಲ. ಬಂಗಾರ ಕೈ ಬದಲಾಗುವ ಜಾಗ ಸಿಬ್ಬಂದಿಯ ಕಣ್ಣಿಗೂ ಕ್ಯಾಮೆರಾಕ್ಕೂ ಕಾಣಲೇಬೇಕು, ಇಬ್ಬರ ಒಳಿತಿಗೂ. ಆರಡಿ ಎಂಟಡಿಯ ಒಂದು ಗಾಜಿನ ಕೋಣೆ ಮಾಡಿದೆವು, ಗಾಜು ಸೀಲಿಂಗ್‌ವರೆಗೆ. ನೆಲದಿಂದ ಎರಡೂವರೆ ಅಡಿಯಿಂದ ಐದಡಿಯವರೆಗೆ ಫ್ರಾಸ್ಟೆಡ್ ಫಿಲ್ಮ್. ಕೂತವರ ಕೈ, ಕೊರಳು, ಮುಖ ಹೊರಗೆ ಕಾಣುವುದಿಲ್ಲ. ಒಳಗೆ ಜನ ಇದ್ದಾರೆ ಎನ್ನುವುದು ಗೊತ್ತಾಗುತ್ತದೆ. ಮೇಜಿನ ಮೇಲೆ ನೇರ ಒಂದು ಕ್ಯಾಮೆರಾ. ಒಂದು ಕನ್ನಡಿ, ಮತ್ತೆ ಕೈ ತೊಳೆಯಲು ಬೇಸಿನ್, ಸೋಪು. ಸೋಪು ಹಚ್ಚಿದರೆ ಪಾಟ್ಲಿ ಸಲೀಸಾಗಿ ಬರುತ್ತದೆ. ಇದನ್ನು ಹೇಳಿಕೊಟ್ಟಿದ್ದು ನಮ್ಮವ್ವ.

ಆ ಕೋಣೆಯ ಬೆಳಕಿನ ಬಗ್ಗೆ ಒಂದು ಮಾತು. ಈಗ ಎಲ್ಲ ಕಡೆ ವಾರ್ಮ್ ವೈಟ್ ಬಲ್ಬಿನ ಟ್ರೆಂಡ್. ಕಾಯುವ ಜಾಗಕ್ಕೆ ಅದು ಚೆಂದ. ಬಂಗಾರ ನೋಡುವ ಮೇಜಿಗೆ ಬೇಡ. ಹಳದಿ ಬೆಳಕಲ್ಲಿ ಬಂಗಾರದ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿ ಮತ್ತು ಕ್ಯಾಶಿಯರ್ ಮೇಜಿನ ಮೇಲೆ 4000 ಕೆಲ್ವಿನ್‌ನ, ಅಂದರೆ ಹಳದಿ ಕಡಿಮೆ ಇರುವ ಬಿಳಿ ಬೆಳಕು ಹಾಕಿದೆ.

ಪಿಗ್ಮಿ ಏಜೆಂಟರನ್ನೂ ನಕ್ಷೆ ಮಾಡುವವರು ಮರೆಯುತ್ತಾರೆ. ಪಿಗ್ಮಿ ನಮ್ಮ ಕರ್ನಾಟಕದಲ್ಲೇ ಹುಟ್ಟಿದ್ದು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಶುರು ಮಾಡಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಮಾತ್ರ ನಮ್ಮ ಸಂತೆ, ಓಣಿ, ಚಹಾದಂಗಡಿಗಳಲ್ಲಿ ಇನ್ನೂ ನಡೆದೇ ಇದೆ. ಈ ಸಂಘದಲ್ಲಿ ಹನ್ನೊಂದು ಜನ ಏಜೆಂಟರು. ದಿನವಿಡೀ ಬಿಸಿಲಲ್ಲಿ ತಿರುಗಿ ಸಂಜೆ ಚಿಲ್ಲರೆ, ನೋಟು ತುಂಬಿದ ಬ್ಯಾಗ್ ತಂದು ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದರು. ಅವರಿಗೆ ಕ್ಯಾಶ್ ಕೌಂಟರಿನ ಪಕ್ಕದಲ್ಲೇ ಉದ್ದನೆಯ ಮೇಜು, ಬೆಂಚು, ಮಷೀನ್ ಚಾರ್ಜ್ ಮಾಡಲು ಪ್ಲಗ್, ಕುಡಿಯುವ ನೀರು. ಫೋಟೋದಲ್ಲಿ ಅದು ಚೆಂದ ಕಾಣುವುದಿಲ್ಲ. ನನಗೆ ಆ ಮೇಜಿನ ಮೇಲೇ ಪ್ರೀತಿ ಜಾಸ್ತಿ.

ಬಾಗಿಲ ಮುಂದೆ ಒಂದೂವರೆ ಅಡಿ ಎತ್ತರದ ಕಟ್ಟೆ ಇತ್ತು. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬ ಲೆಕ್ಕದಲ್ಲಿ ಹದಿನೆಂಟು ಅಡಿ ರ‍್ಯಾಂಪ್. ಮುಂದೆ ಜಾಗ ಇಲ್ಲದೆ ಪಕ್ಕದ ಗೋಡೆಗುಂಟ ತಂದೆವು. ಹೊರಗಿನ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ರಾಜ್ಯದ ಕನ್ನಡ ಭಾಷೆಯ ಕಾಯ್ದೆಗೆ ಬಂದ 2024ರ ತಿದ್ದುಪಡಿ ಹೇಳುತ್ತದೆ. ಈ ಸಂಘದ ಬೋರ್ಡ್ ಮೊದಲಿನಿಂದಲೂ ಪೂರ್ತಿ ಕನ್ನಡವೇ, ಅಲ್ಲಿ ತೊಂದರೆ ಬರಲಿಲ್ಲ.

ಒಳಗಿನ ಬೋರ್ಡುಗಳದ್ದೇ ತೊಂದರೆ. ಹಳೆಯ ಶಾಖೆಯಿಂದ ಒಂದು ಹಲಗೆ ತಂದಿದ್ದರು: "ಸುಸ್ತಿ ವಸೂಲಿ ವಿಭಾಗ." ಮೂರನೇ ಮೇಜಿನ ಮೇಲೆ ತೂಗುಹಾಕಿ ಅಂದರು. ಅದರ ಕೆಳಗೆ ಯಾರು ಕೂತರೂ ಊರಿಗೆಲ್ಲ ಗೊತ್ತಾಗುತ್ತದೆ ಅಲ್ವಾ? ಮೇಜುಗಳಿಗೆ ಬರೀ 1, 2, 3 ಎಂದು ಬರೆಯೋಣ ಅಂದೆ. ಒಪ್ಪಿದರು. ಸುಸ್ತಿದಾರರ ಹೆಸರಿನ ಪಟ್ಟಿ ಅಂಟಿಸುವ ನೋಟಿಸ್ ಬೋರ್ಡ್ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. ಪಟ್ಟಿ ಹಾಕಿದರೇ ಕಟ್ಟುತ್ತಾರೆ ಎಂಬುದು ಅವರ ಅನುಭವ. ಬೋರ್ಡ್ ಬಾಗಿಲಿನ ಬಳಿಯಿಂದ ಒಳಗಿನ ಗೋಡೆಗೆ ಹೋಯಿತು, ಅಷ್ಟೇ. ಈ ಬಗ್ಗೆ ನನಗೆ ಇವತ್ತಿಗೂ ಬೇಸರ ಇದೆ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.

ಸಪ್ತಾಹದ ಮೂರನೇ ದಿನ ಉದ್ಘಾಟನೆ ಆಯಿತು. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಅಪ್ಪ ಎರಡನೇ ಮೇಜಿನ ಮುಂದೆ ಹೋಗಿ ಕೂತ. ಗೋಡೆಯ ಕೌದಿಯ ಮೇಲೆ ಕೈಯಾಡಿಸಿ, ಯಾವ ತುಂಡು ಯಾವ ದಡಿಯ ಸೀರೆಯದ್ದು ಎಂದು ಒಂದೊಂದಾಗಿ ಹೇಳುತ್ತಾ ಹೋದ. ಸೊಸೈಟಿಯ ಆ ದಿನದ ಮಾತು ನಾನೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

ಜನವರಿಯಲ್ಲಿ ಮತ್ತೆ ಹೋಗಿದ್ದೆ. ಯಾರಿಗೂ ಹೇಳದೆ ಕಾಯುವ ಕುರ್ಚಿಯಲ್ಲಿ ಒಂದು ತಾಸು ಕೂತೆ. ಎರಡನೇ ಮೇಜಿನಲ್ಲಿ ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ತುಂಬಾ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಮೇಜಿನ ಕಡೆ ಬಾಗಿದರು. ನನಗೆ ಕೇಳಿಸಿದ್ದು ನೋಟು ಎಣಿಸುವ ಮಷೀನಿನ ಸದ್ದು ಮಾತ್ರ. ಕೆಲಸ ಮುಗಿಸಿ ಅವರು ನನ್ನ ಮುಂದೆಯೇ ಹಾದು ಹೋದರು. ಸಾಲ ಸಿಕ್ಕಿತೋ, ಕಂತಿಗೆ ಗಡುವು ಕೇಳಿದರೋ, ನನಗೆ ಏನೂ ತಿಳಿಯಲಿಲ್ಲ.

ಹೊರಡುವಾಗ ಕಾರ್ಯದರ್ಶಿ ಗುರುತು ಹಿಡಿದು ನಿಲ್ಲಿಸಿದರು. ನಾಲ್ಕನೇ ಕೌದಿಯ ಎಡಗಡೆ ಕೊಕ್ಕೆ ಸಡಿಲ ಆಗಿದೆಯಂತೆ. ಸೋಮವಾರ ಬಡಿಗೇರನನ್ನು ಕಳಿಸುತ್ತೇನೆ ಎಂದು ಹೇಳಿ ಬಸ್ ಹತ್ತಿದೆ.